ಒಂದು ಬೆಳ್ಳಿ ಉಂಗುರ, ನಾಲ್ಕು ವರ್ಷದ ಡಿಗ್ರಿ

(ಕಾಸರಗೋಡಿನಲ್ಲಿ ಪ್ಲಸ್ ಟು ಮಕ್ಕಳು, ಅವರ ಹೆತ್ತವರು ಮತ್ತು ಕೆಲವು ಅಕ್ಕಸಾಲಿಗರು ಸೇರಿದ್ದಲ್ಲಿ ಆಡಿದ ಮಾತುಗಳನ್ನು ಓದಿಗೆ ಒಗ್ಗುವಂತೆ ತಿದ್ದಿ ಬರೆದದ್ದು.)

ನಮಸ್ಕಾರ. ಆಭರಣ ಮಾಡುವುದನ್ನು, ಲೋಹ ಬಡಿಯುವುದನ್ನು ವಿಶ್ವವಿದ್ಯಾಲಯಕ್ಕೆ ಹೋಗಿ ಕಲಿಯುತ್ತೇನೆ ಅಂತ ಮನೆಯಲ್ಲಿ ಹೇಳಿದರೆ ನಮ್ಮ ಕಡೆ ಮೊದಲು ಬರುವ ಮಾತು, "ಅದಕ್ಕೆ ಡಿಗ್ರಿ ಯಾಕೆ? ಆಚಾರ್ಯರ ಅಂಗಡಿಯಲ್ಲಿ ನಾಲ್ಕು ವರ್ಷ ಕೂತರೆ ಸಾಲದೇ?" ಪ್ರಶ್ನೆ ಸರಿಯಾಗಿಯೇ ಇದೆ. ಕೈ ಪಳಗುವ ಮಟ್ಟಿಗೆ ಅಂಗಡಿಯೇ ಮೇಲು. ದಿನಕ್ಕೆ ಹತ್ತು ಗಂಟೆ ಕೂತು ಬೆಂಡೋಲೆಗೆ ಕಲ್ಲು ಕೂರಿಸುವವರ ಕೈಗೆ, ಪಾಠಗಳ ನಡುವೆ ವರ್ಕ್‌ಶಾಪಿಗೆ ಹೋಗಿ ಬರುವ ವಿದ್ಯಾರ್ಥಿಯ ಕೈ ಸಾಟಿಯಾಗದು. ಬೆಸುಗೆ ಯಾಕೆ ಹಿಡಿಯಲಿಲ್ಲ, ಹಾಳೆ ಯಾಕೆ ಬಿರಿಯಿತು ಎಂದು ಕಾರಣ ಹುಡುಕಿ, ಅಳೆದು, ಬರೆದಿಡುವ ಅಭ್ಯಾಸ ಮಾತ್ರ ಕಾಲೇಜಿನಲ್ಲಿ ಹೆಚ್ಚು ಸಿಗುತ್ತದೆ. ಇದನ್ನು ಬರಿಯ ಬಾಯಲ್ಲಿ ಹೇಳಿದರೆ ಗಾಳಿಮಾತಾಗುತ್ತದೆ. ಮೊದಲ ವರ್ಷದಲ್ಲಿ ಸಾಧಾರಣವಾಗಿ ಮಾಡಿಸುವ ಒಂದು ಬೆಳ್ಳಿ ಉಂಗುರವನ್ನೇ ಹಿಡಿದುಕೊಂಡು ಹೋಗೋಣ.

ಬೆಳ್ಳಿ ಕೈಗೆ ಬರುವ ಮೊದಲು ತಾಮ್ರ, ಹಿತ್ತಾಳೆ ಹಾಳೆಯಲ್ಲಿ ಗರಗಸದ ಕೆಲಸ. ಕೂದಲೆಳೆಯಂಥ ಅಲಗು, ಅದಕ್ಕೆ 2/0, 4/0, 6/0 ಎಂದು ಅಂಕೆ, ಸೊನ್ನೆಯ ಹಿಂದಿನ ಅಂಕೆ ದೊಡ್ಡದಾದಷ್ಟೂ ಅಲಗು ಸಪೂರ. ಹಾಳೆಯ ದಪ್ಪದೊಳಗೆ ಯಾವಾಗಲೂ ಎರಡು ಮೂರು ಹಲ್ಲು ಇರಬೇಕು, ಇಲ್ಲದಿದ್ದರೆ ಹಲ್ಲು ಹಾಳೆಯ ಅಂಚಿಗೆ ಸಿಕ್ಕಿ ಅಲಗು ತುಂಡಾಗುತ್ತದೆ. ಒಂದು ಮಿಲಿಮೀಟರ್ ಹಾಳೆಗೆ 2/0ಯಿಂದ 4/0 ಹೊಂದುತ್ತದೆ. ಹಲ್ಲಿನ ಮುಖ ಕೆಳಕ್ಕೆ, ಹಿಡಿಯ ಕಡೆಗಿರಬೇಕು. ಕೊಯ್ಯುವುದು ಕೆಳಗೆ ಎಳೆಯುವಾಗ ಮಾತ್ರ. ಬಿಗಿದ ಅಲಗನ್ನು ಉಗುರಿನಿಂದ ಮೀಟಿದರೆ ತಂತಿಯ ಹಾಗೆ ಟಿಂಗ್ ಅನ್ನಬೇಕು, ಡಬ್ ಎಂದರೆ ಸಡಿಲ. ಹೊಸಬರು ಒಂದೇ ಮಧ್ಯಾಹ್ನದಲ್ಲಿ ಡಜನ್ ಅಲಗು ಮುರಿಯುವುದುಂಟು. ಬಹುತೇಕ ಸಲ ಕಾರಣ ಒಂದೇ, ತಿರುವಿನಲ್ಲಿ ಗರಗಸವನ್ನು ಮುಂದಕ್ಕೆ ನೂಕುವುದು. ತಿರುವಿನಲ್ಲಿ ಗರಗಸ ನಿಂತಲ್ಲೇ ಮೇಲೆ ಕೆಳಗೆ ಆಡುತ್ತಿರಬೇಕು, ತಿರುಗಬೇಕಾದದ್ದು ಹಾಳೆ.

ಈಗ ಉಂಗುರದ ಲೆಕ್ಕ. ಒಳ ವ್ಯಾಸ 17 ಮಿ.ಮೀ., ಪಟ್ಟಿಯ ಅಗಲ 4 ಮಿ.ಮೀ., ದಪ್ಪ 1.5 ಮಿ.ಮೀ. ಎಂದಿಟ್ಟುಕೊಳ್ಳಿ. ಪಟ್ಟಿ ಎಷ್ಟು ಉದ್ದ ಕತ್ತರಿಸಬೇಕು? 17ನ್ನು 3.14ರಿಂದ ಗುಣಿಸಿ 53.4 ಎಂದವರ ಉಂಗುರ ಬೆರಳಿಗೆ ಏರುವುದಿಲ್ಲ. ಪಟ್ಟಿ ಬಾಗುವಾಗ ಒಳಮೈ ಕುಗ್ಗುತ್ತದೆ, ಹೊರಮೈ ಹಿಗ್ಗುತ್ತದೆ, ಉದ್ದ ಬದಲಾಗದೆ ಉಳಿಯುವುದು ದಪ್ಪದ ನಡುಗೆರೆ ಮಾತ್ರ. ಆದ್ದರಿಂದ ಒಳ ವ್ಯಾಸಕ್ಕೆ ದಪ್ಪವನ್ನು ಕೂಡಿಸಿ ಗುಣಿಸಬೇಕು: 18.5 × 3.14, ಅಂದರೆ 58.1 ಮಿ.ಮೀ. ದಪ್ಪ ಮರೆತವರ ಉಂಗುರದ ಒಳ ವ್ಯಾಸ 15.5ಕ್ಕೆ ಬಂದು ನಿಲ್ಲುತ್ತದೆ. ತೂಕವನ್ನೂ ಮೊದಲೇ ಹೇಳಬಹುದು. 58.1 × 4 × 1.5 ಎಂದರೆ ಸುಮಾರು 349 ಘನ ಮಿ.ಮೀ.; 925 ಬೆಳ್ಳಿಯ (ಸಾವಿರ ಭಾಗದಲ್ಲಿ 925 ಬೆಳ್ಳಿ, ಉಳಿದದ್ದು ತಾಮ್ರ) ಸಾಂದ್ರತೆ ಘನ ಸೆಂಟಿಮೀಟರಿಗೆ 10.36 ಗ್ರಾಂ; ಉಂಗುರ 3.6 ಗ್ರಾಂ. ಮಾಡಿ ಮುಗಿಸಿದ ಮೇಲೆ ತಕ್ಕಡಿ 3.3 ತೋರಿಸಿದರೆ ಉಳಿದ 0.3 ಎಲ್ಲಿ ಹೋಯಿತೆಂದು ಉತ್ತರ ಕೊಡಬೇಕು. ಅರದ ಹುಡಿಯಲ್ಲಿ ಎಷ್ಟು, ಪಾಲಿಶಿನಲ್ಲಿ ಎಷ್ಟು ಎಂದು ಬರೆಯಬೇಕು. ಪವನಿನ ಲೆಕ್ಕದಲ್ಲಿ ಚಿನ್ನ ಕೊಂಡು, ಮಜೂರಿಯ ಮೇಲೆ ಸವಕಳಿಯನ್ನೂ ತೆತ್ತು ಗೊಣಗುವ ನಮಗೆ ಈ ಲೆಕ್ಕ ಹೊಸದೇನಲ್ಲ. ಇಲ್ಲಿ ಅದನ್ನು ಮಾಡುವವನೇ ಮೊದಲು ಬರೆಯುತ್ತಾನೆ, ಅಷ್ಟೆ.

925 ಬೆಳ್ಳಿಯನ್ನು ಕೊಂಡುಕೊಳ್ಳಬಹುದು, ಕರಗಿಸಿ ಮಾಡಿಸುವ ವಿಭಾಗಗಳೂ ಇವೆ. 100 ಗ್ರಾಂ ಶುದ್ಧ ಬೆಳ್ಳಿಗೆ 8.1 ಗ್ರಾಂ ತಾಮ್ರ. ಏಳೂವರೆ ಗ್ರಾಂ ಹಾಕಿ 925 ಎಂದುಕೊಂಡರೆ ತಪ್ಪು, ಯಾಕೆಂದರೆ 75 ಭಾಗ ತಾಮ್ರ ಸೇರುವುದು 925 ಭಾಗ ಬೆಳ್ಳಿಗೆ, ಸಾವಿರಕ್ಕಲ್ಲ. ಚಿನ್ನಕ್ಕೂ ಇದೇ: 10 ಗ್ರಾಂ ಅಪರಂಜಿಯನ್ನು 916 ಮಾಡಲು ಸೇರಬೇಕಾದ ಬೇರೆ ಲೋಹ 0.917 ಗ್ರಾಂ. ಮೂಸೆಯಲ್ಲಿ ಬಿಳಿಗಾರ (ಬೊರಾಕ್ಸ್) ಸವರಿ, ಕರಗಿದ್ದನ್ನು ಕಾಯಿಸಿದ ಅಚ್ಚಿಗೆ ಸುರಿಯಬೇಕು. ಅಚ್ಚು ತಣ್ಣಗಿದ್ದರೆ ಗಟ್ಟಿಯ ಮೈಯಲ್ಲಿ ಮಡಿಕೆ ಬೀಳುತ್ತದೆ, ಆ ಮಡಿಕೆ, ಎರಡು ಉರುಳೆಗಳ ನಡುವೆ ಲೋಹವನ್ನು ಒತ್ತುವ ರೋಲಿಂಗ್ ಮಿಲ್ಲಿನಲ್ಲಿ ಹಾಳೆಯಾದಾಗ ಸಿಪ್ಪೆಯ ಹಾಗೆ ಏಳುತ್ತದೆ.

ಮಿಲ್ಲಿನಲ್ಲಿ ದಪ್ಪ ಅರ್ಧಕ್ಕೆ ಇಳಿಯುವಷ್ಟರಲ್ಲಿ ಬೆಳ್ಳಿ ಬಿರುಸಾಗಿರುತ್ತದೆ. ಮುಂದೆಯೂ ಒತ್ತಿದರೆ ಅಂಚು ಬಿರಿಯುತ್ತದೆ. ಮತ್ತೆ ಹದಕ್ಕೆ ತರಲು 600ರಿಂದ 650 ಡಿಗ್ರಿಗೆ ಕಾಯಿಸಬೇಕು. ಆ ಬಿಸಿಯನ್ನು ಕಣ್ಣಲ್ಲಿ ಓದುವುದಕ್ಕೆ ಕೋಣೆ ಮಬ್ಬಾಗಿರಬೇಕು. ಬಿಸಿಲು ಬೀಳುವ ಕಿಟಕಿಯ ಬಳಿ ಮಂದ ಕೆಂಪು ಕಾಣುವುದಿಲ್ಲ, ಕಂಡಾಗ ಬೆಳ್ಳಿ ಕರಗುವ ಹಂತಕ್ಕೆ ಬಂದಿರುತ್ತದೆ. ವಿದ್ಯಾರ್ಥಿಗಳು ಮಾಡುವ ಒಂದು ಉಪಾಯವಿದೆ. ಹಾಳೆಯ ಮೇಲೆ ಕಪ್ಪು ಮಾರ್ಕರಿನಿಂದ ಗೆರೆ ಎಳೆದು ಕಾಯಿಸುವುದು. ಗೆರೆ ಮಾಯವಾಯಿತೆಂದರೆ ಹದ ಹತ್ತಿರ ಬಂತು.

ಹದ ಮಾಡಿದ ಪಟ್ಟಿಯನ್ನು ಉಂಗುರದ ದುಂಡು ಕೋಲಿನ ಮೇಲೆ ಮರದ ಕೊಡತಿಯಿಂದ ಬಾಗಿಸಿ ಎರಡು ತುದಿ ಕೂಡಿಸಬೇಕು. ಉಂಗುರ ದುಂಡಗಿಲ್ಲದಿದ್ದರೂ ಈಗ ಪರವಾಗಿಲ್ಲ, ಬೆಸುಗೆಯಾದ ಮೇಲೆ ದುಂಡಗೆ ಮಾಡಬಹುದು. ತುದಿಗಳು ಮಾತ್ರ ಒಂದರ ಮೈಗೆ ಒಂದು ಒತ್ತಿ ಕೂತಿರಬೇಕು. ಬೆಳಕಿಗೆ ಹಿಡಿದು ನೋಡಿ. ಸಂದಿನಲ್ಲಿ ಎಳೆಯಷ್ಟು ಬೆಳಕು ಬಂದರೂ ಮತ್ತೆ ಅರ ಹಾಕಬೇಕು. ಬೆಸುಗೆ ಎಂಬುದು ಗಾರೆಯ ಹಾಗೆ ಸಂದು ತುಂಬಿಸುವ ವಸ್ತುವಲ್ಲ. ಸಪೂರ ಸಂದಿಗೆ ತಾನಾಗಿ ಎಳೆದುಕೊಂಡು ಹೋಗುವ ದ್ರವ. ಅಗಲ ಸಂದು ಕಂಡರೆ ಅದು ಒಂದು ಬದಿಗೆ ಅಂಟಿ ನಿಂತುಬಿಡುತ್ತದೆ.

ಬಿಳಿಗಾರದ ಗಟ್ಟಿಯನ್ನು ಗಂಧ ತೇಯ್ದ ಹಾಗೆ ನೀರು ಹಾಕಿ ಕಲ್ಲಿನ ಮೇಲೆ ತೇಯ್ದು, ಹಾಲಿನ ಹದದಲ್ಲಿ ಸಂದಿಗೆ ಕುಂಚದಿಂದ ಸವರುತ್ತಾರೆ. ಬೆಸುಗೆಯ ಹಾಳೆಯಿಂದ ಒಂದು ಮಿ.ಮೀ. ಚೌಕದ ಎರಡು ಮೂರು ಚೂರು ಕತ್ತರಿಸಿ ಸಂದಿನ ಒಳಬದಿಗೆ ಕೂರಿಸುತ್ತಾರೆ. ಬೆಂಕಿ ಮೊದಲು ದೂರದಿಂದ. ಬಿಳಿಗಾರದ ನೀರು ಆರುವಾಗ ಅದು ಹೊದಳಿನ ಹಾಗೆ ಉಬ್ಬುತ್ತದೆ. ಅವಸರ ಮಾಡಿದರೆ ಚೂರುಗಳನ್ನು ಎತ್ತಿ ಎಸೆಯುತ್ತದೆ. ಉಬ್ಬು ಇಳಿದು, ಬಿಳಿಗಾರ ಗಾಜಿನ ಹಾಗೆ ತಿಳಿಯಾದ ಮೇಲೆ ಬೆಂಕಿ ಹತ್ತಿರ ತನ್ನಿ. ಜ್ವಾಲೆಯನ್ನು ಸಂದಿಗೆ ಹಿಡಿಯಬೇಡಿ. ಉಂಗುರದ ಬೆನ್ನಿಗೆ, ಅಂದರೆ ಸಂದಿನ ಎದುರು ಬದಿಗೆ ಹಿಡಿದು ಸುತ್ತಿಸುತ್ತಾ ಇಡೀ ಉಂಗುರವನ್ನು ಸಮವಾಗಿ ಕಾಯಿಸಿ, ಕೊನೆಯ ಕೆಲವು ಸೆಕೆಂಡು ಮಾತ್ರ ಸಂದಿಗೆ ತನ್ನಿ. ಚೂರು ಮೊದಲು ಮುದುರುತ್ತದೆ, ಮರುಗಳಿಗೆಯಲ್ಲಿ ಸಂದಿನುದ್ದಕ್ಕೆ ಹೊಳೆಯುವ ಗೆರೆಯೊಂದು ಹರಿದುಹೋಗುತ್ತದೆ. ಆ ಗೆರೆ ಕಂಡ ತಕ್ಷಣ ಬೆಂಕಿ ತೆಗೆಯಬೇಕು.

ಕೆಟ್ಟಾಗ ಏನಾಗಿರುತ್ತದೆ? ಚೂರು ಗುಂಡಾಗಿ ಉರುಳಾಡಿದರೆ ಚೂರಿಗೆ ತಾಗಿದ ಬಿಸಿ ಉಂಗುರಕ್ಕೆ ತಾಗಿಲ್ಲ, ಇಲ್ಲವೇ ಮೈಯಲ್ಲಿ ಜಿಡ್ಡು ಇದೆ. ಒಂದು ತುದಿಗೆ ಮಾತ್ರ ಹತ್ತಿದರೆ ಆ ತುದಿ ಹೆಚ್ಚು ಬಿಸಿಯಾಗಿತ್ತು. ಬೆಸುಗೆ ಯಾವಾಗಲೂ ಬಿಸಿ ಜಾಸ್ತಿ ಇದ್ದ ಕಡೆಗೆ ಓಡುತ್ತದೆ. ಹಿಡಿದ ಬೆಸುಗೆಯಲ್ಲಿ ಸೂಜಿಮೊನೆಯಂಥ ತೂತುಗಳಿದ್ದರೆ ಕಾಯಿಸಿದ್ದು ಹೆಚ್ಚಾಗಿ ಒಳಗಿನ ಸತು ಆವಿಯಾಗಿದೆ.

ಇಲ್ಲೇ ಪಠ್ಯದ ಪಾಠ ಬರುತ್ತದೆ. ಬೆಳ್ಳಿ ಕರಗುವುದು 961 ಡಿಗ್ರಿಗೆ, ತಾಮ್ರ 1085ಕ್ಕೆ. ಎರಡನ್ನೂ 72:28ರಲ್ಲಿ ಬೆರೆಸಿದರೆ ಕರಗುವುದು 779ಕ್ಕೆ! ಎರಡು ಗಟ್ಟಿ ಲೋಹ ಸೇರಿ ಎರಡಕ್ಕಿಂತಲೂ ಬೇಗ ಕರಗುವ ಮೂರನೆಯದು ಹುಟ್ಟುವುದು ನಂಬಲು ಕಷ್ಟ, ಆದರೆ ಬೆಳ್ಳಿಯ ಬೆಸುಗೆ ನಿಂತಿರುವುದು ಇದರ ಮೇಲೆಯೇ. ಸ್ವಲ್ಪ ಸತು ಸೇರಿಸಿ ಇನ್ನೂ ಕೆಳಗಿಳಿಸುತ್ತಾರೆ. ಗಟ್ಟಿ ಬೆಸುಗೆ 750ರ ಆಸುಪಾಸು, ಮಧ್ಯಮದ್ದು 720, ಸುಲಭದ್ದು 700. ತಯಾರಕರಿಗೆ ತಕ್ಕಂತೆ ಅಷ್ಟಿಷ್ಟು ಬದಲು. 925 ಬೆಳ್ಳಿ 800ರ ಹೊತ್ತಿಗೆ ತಾನೇ ಮೆತ್ತಗಾಗತೊಡಗುತ್ತದೆ. ಅಂದರೆ ಗಟ್ಟಿ ಬೆಸುಗೆಯಲ್ಲಿ ನಿಮಗಿರುವ ಅವಕಾಶ ಐವತ್ತು ಡಿಗ್ರಿ. ಒಂದೇ ಒಡವೆಯಲ್ಲಿ ಮೂರು ಕಡೆ ಬೆಸುಗೆ ಇದ್ದರೆ ಮೊದಲು ಗಟ್ಟಿ, ಆಮೇಲೆ ಮಧ್ಯಮ, ಕೊನೆಗೆ ಸುಲಭ. ತಿರುಗುಮುರುಗಾದರೆ ಎರಡನೆಯದನ್ನು ಹಾಕುವಾಗ ಮೊದಲನೆಯದು ಕಳಚಿ ಬೀಳುತ್ತದೆ.

ಇಲ್ಲಿ ಒಂದು ಪಕ್ಕದ ಮಾತು. "916 ಕೆಡಿಎಂ ಚಿನ್ನ" ಎಂದು ಇಂದಿಗೂ ಹೇಳುವವರಿದ್ದಾರೆ, ಶ್ರೇಷ್ಠ ಚಿನ್ನದ ಹೆಸರೆಂಬಂತೆ. ಕೆಡಿಎಂ ಎಂದರೆ ಕ್ಯಾಡ್ಮಿಯಂ. ಹಿಂದಿನ ಚಿನ್ನದ ಬೆಸುಗೆಯಲ್ಲಿ ತಾಮ್ರ, ಬೆಳ್ಳಿ ಹೆಚ್ಚು, ಹಾಗಾಗಿ ಹಳೆ ಒಡವೆ ಕರಗಿಸಿದರೆ ಶುದ್ಧತೆ ಇಳಿಯುತ್ತಿತ್ತು. 92 ಭಾಗ ಚಿನ್ನಕ್ಕೆ 8 ಭಾಗ ಕ್ಯಾಡ್ಮಿಯಂ ಸೇರಿಸಿದ ಬೆಸುಗೆ ಬಂದಾಗ ಆ ತೊಂದರೆ ತಪ್ಪಿತು. ಆದರೆ ಕ್ಯಾಡ್ಮಿಯಂ 767 ಡಿಗ್ರಿಗೆ ಕುದಿಯುತ್ತದೆ, ಬೆಸುಗೆಯ ಬಿಸಿಯಲ್ಲೇ ಹೊಗೆಯಾಗಿ ಊದುಗೊಳವೆ ಹಿಡಿದವರ ಶ್ವಾಸಕೋಶಕ್ಕೆ, ಮೂತ್ರಪಿಂಡಕ್ಕೆ ಇಳಿಯುತ್ತದೆ. ತೊಟ್ಟವರಿಗೆ ಲಾಭ, ಮಾಡಿದವರಿಗೆ ರೋಗ. ಈಗ ಅದರ ಜಾಗಕ್ಕೆ ಸತು, ಇಂಡಿಯಂ ಬೆರೆತ ಬೆಸುಗೆಗಳು ಬಂದಿವೆ. ಕೊಳ್ಳುವವರು ನೋಡಬೇಕಾದದ್ದು ಭಾರತೀಯ ಮಾನಕ ಸಂಸ್ಥೆಯ (ಬಿಐಎಸ್) ಗುರುತು, 22ಕೆ916 ಎಂಬ ಅಂಕೆ, ಪ್ರತಿ ಒಡವೆಗೂ ಬೇರೆಯಾದ, ಆರು ಅಕ್ಷರ-ಅಂಕೆಗಳ ಗುರುತುಸಂಖ್ಯೆಯಾದ ಎಚ್‌ಯುಐಡಿ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕಿನ ಒಡವೆ ಮಾರಲು ಈ ಆರರ ಸಂಖ್ಯೆ ಬೇಕೇ ಬೇಕು.

ಬೆಸುಗೆ ಹಿಡಿದ ಉಂಗುರ ಕಪ್ಪಾಗಿರುತ್ತದೆ, ಮೇಲೆ ಬಿಳಿಗಾರದ ಗಾಜು. ಅದನ್ನು ಹತ್ತು ಭಾಗಕ್ಕೆ ಒಂದು ಭಾಗ ಗಂಧಕಾಮ್ಲ ಬೆರೆತ ನೀರಿಗೋ, ಬಿಸಿ ಮಾಡಿದ ಸೋಡಿಯಂ ಬೈಸಲ್ಫೇಟಿಗೋ ಬಿಡುತ್ತಾರೆ. ವರ್ಕ್‌ಶಾಪಿನ ಬಾಯಲ್ಲಿ ಇದು ಪಿಕಲ್. ನೀರಿಗೆ ಆಮ್ಲ ಹೊಯ್ಯಬೇಕು, ಆಮ್ಲಕ್ಕೆ ನೀರು ಹೊಯ್ದರೆ ಮುಖಕ್ಕೆ ಸಿಡಿಯುತ್ತದೆ. ಹಿತ್ತಾಳೆ ಪಾತ್ರೆಗೆ ಹುಣಸೆಹುಳಿ ಹಚ್ಚುವ ಮನೆಯವರಿಗೆ ಇದರ ತತ್ತ್ವ ಗೊತ್ತೇ ಇದೆ, ಆಕ್ಸೈಡನ್ನು ಹುಳಿ ಕರಗಿಸುತ್ತದೆ. ಗೊತ್ತಿಲ್ಲದೇ ಆಗುವ ಅನಾಹುತ ಬೇರೆ. ಕಬ್ಬಿಣದ ಚಿಮಟವನ್ನು ಪಿಕಲಿಗೆ ಅದ್ದಿದರೆ, ಅದರಲ್ಲಿ ಕರಗಿರುವ ತಾಮ್ರವೆಲ್ಲ ಬಂದು ಬೆಳ್ಳಿಯ ಮೇಲೆ ಕೂತು ಉಂಗುರ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಕಬ್ಬಿಣ, ಬೆಳ್ಳಿ, ತಾಮ್ರದ ಉಪ್ಪು ಸೇರಿ ಅಲ್ಲೊಂದು ಪುಟ್ಟ ಬ್ಯಾಟರಿ ಹುಟ್ಟಿರುತ್ತದೆ. ತಾಮ್ರದ ಅಥವಾ ಪ್ಲಾಸ್ಟಿಕ್ಕಿನ ಚಿಮಟ ಇಟ್ಟುಕೊಳ್ಳುವುದು ಇದಕ್ಕೇ.

ಪಿಕಲಿನಿಂದ ತೆಗೆದ ಬೆಳ್ಳಿ ಹಾಲುಬಿಳಿ. ಅರ ಹಾಕಿ ಎಮರಿ ಉಜ್ಜಿದಂತೆ ಅಲ್ಲಲ್ಲಿ ನೇರಳೆ ಬೂದು ಕಲೆ ಏಳುತ್ತದೆ. ಬಿಸಿಯಲ್ಲಿ ಆಮ್ಲಜನಕ ಮೈಯೊಳಗೆ ಇಳಿದು ತಾಮ್ರವನ್ನು ಆಕ್ಸೈಡ್ ಮಾಡಿದ ಗುರುತು ಅದು, ಫೈರ್‌ಸ್ಕೇಲ್ ಎನ್ನುತ್ತಾರೆ. ಅದನ್ನು ಪಾಲಿಶ್ ಮುಚ್ಚುವುದಿಲ್ಲ, ಇನ್ನೂ ಎತ್ತಿ ತೋರಿಸುತ್ತದೆ. ಎಮರಿಯಲ್ಲಿ ಪದರ ಕಳೆಯುವವರೆಗೆ ಉಜ್ಜುವುದೇ ದಾರಿ. ತಡೆಯಬೇಕಿದ್ದರೆ ಕಾಯಿಸುವ ಮೊದಲು ಬೋರಿಕ್ ಹುಡಿ ಕಲಸಿದ ಸ್ಪಿರಿಟಿನಲ್ಲಿ ಉಂಗುರವನ್ನು ಅದ್ದಿ, ಸ್ಪಿರಿಟ್ ಉರಿದುಹೋಗಲು ಬಿಟ್ಟರೆ ಬಿಳಿ ಲೇಪ ಉಳಿದು ಕಾಯುತ್ತದೆ. ಸ್ಪಿರಿಟ್ ಡಬ್ಬಿ ಬೆಸುಗೆಯ ಜ್ವಾಲೆಯಿಂದ ದೂರ ಇರಲಿ.

ಪಾಲಿಶ್ ಮೋಟರಿನ ಬಗ್ಗೆ ಎರಡೇ ಮಾತು. ಗಂಧಕಾಮ್ಲಕ್ಕಿಂತ, ಗ್ಯಾಸಿಗಿಂತ ಹೆಚ್ಚು ಪೆಟ್ಟು ಮಾಡುವ ಯಂತ್ರ ಅದು. ಕೂದಲು ಕಟ್ಟಿ, ಶಾಲು ತೆಗೆದಿಡಿ, ಕೈಗವಸು ಬೇಡವೇ ಬೇಡ. ಸರವನ್ನು ಹಲಗೆಗೆ ಸುತ್ತದೆ ಬರಿಗೈಯಲ್ಲಿ ಹಿಡಿದರೆ ಮೋಟರು ಸರದ ಜೊತೆ ಬೆರಳನ್ನೂ ಎಳೆಯುತ್ತದೆ.

ಹುಡಿಯ ಶಿಸ್ತು ಮಾತ್ರ ನಮ್ಮ ಆಚಾರ್ಯರ ಅಂಗಡಿಯಲ್ಲೂ ಕಾಲೇಜಿನಲ್ಲೂ ಒಂದೇ. ತೊಡೆಯ ಮೇಲೆ ತೊಗಲು, ಮೇಜಿನ ಕೆಳಗೆ ತಟ್ಟೆ. ಬೆಳ್ಳಿಯ ಹುಡಿ ಬೇರೆ, ಹಿತ್ತಾಳೆಯದು ಬೇರೆ. ಸೀಸದ ಕಣ ಬೆಳ್ಳಿಗೆ ತಾಗಿ ಕಾದರೆ ಅದು ಬೆಳ್ಳಿಯನ್ನು ತಿಂದು ಗುಳಿ ಮಾಡುತ್ತದೆ, ಆದ್ದರಿಂದ ಸೀಸ ಬೆರೆತ ಎಲೆಕ್ಟ್ರಿಕ್ ಬೆಸುಗೆಯ ತಂತಿಯನ್ನು ಆ ಮೇಜಿನ ಹತ್ತಿರವೂ ತರಗೊಡುವುದಿಲ್ಲ.

ಉಂಗುರ ಇಲ್ಲಿಗೆ ಮುಗಿಯಿತು. ಮುಂದಿನ ಸೆಮಿಸ್ಟರುಗಳಲ್ಲಿ ಕಲ್ಲು ಕೂರಿಸುವುದು, ಅರಗಿನಲ್ಲಿ ಹುದುಗಿಸಿ ಉಬ್ಬು ಕೆಲಸ, ಎರಕ, ಪಾತ್ರೆ ಎಬ್ಬಿಸುವುದು ಬರುತ್ತದೆ. ಮೆಟಲ್‌ಸ್ಮಿತಿಂಗ್ ಎಂದು ಹೆಸರಿರುವ ವಿಭಾಗಗಳಲ್ಲಿ ಕೊನೆಯದಕ್ಕೆ ತುಂಬ ತೂಕ. ಚೆಂಬಿನಂಥದ್ದನ್ನು ಸಪಾಟು ತಾಮ್ರದ ಬಿಲ್ಲೆಯಿಂದ, ಎಲ್ಲಿಯೂ ಬೆಸೆಯದೆ, ಬಡಿದೇ ಎಬ್ಬಿಸಬೇಕು. ಬಿಲ್ಲೆಯ ಅಗಲ ಎಷ್ಟು? ಪಾತ್ರೆಯ ಸರಾಸರಿ ಅಗಲಕ್ಕೆ ಎತ್ತರ ಸೇರಿಸಿ; 8 ಸೆಂ.ಮೀ. ಅಗಲ, 5 ಸೆಂ.ಮೀ. ಎತ್ತರಕ್ಕೆ 13 ಸೆಂ.ಮೀ. ಬಿಲ್ಲೆ. ತಳದಿಂದ ಬಾಯಿಯವರೆಗೆ ಸುತ್ತು ಸುತ್ತಾಗಿ ಬಡಿದು, ಪ್ರತಿ ಸುತ್ತಿಗೂ ಒಮ್ಮೆ ಕಾಯಿಸಿ ಹದ ಮಾಡುತ್ತಾರೆ. ಅಂಚಿನಲ್ಲಿ ಎದ್ದ ಸುಕ್ಕು ಮಡಿಚಿ ಬೀಳಲು ಬಿಟ್ಟರೆ ಅಲ್ಲೇ ಸೀಳು. ಸುಕ್ಕು ಚಿಕ್ಕದಿರುವಾಗಲೇ ಬಡಿದು ಒಳಗೆ ಸೇರಿಸಬೇಕು.

ಎರಕ ನಮಗೆ ನೆರೆಮನೆಯ ವಿದ್ಯೆ. ಪಯ್ಯನ್ನೂರಿನ ಹತ್ತಿರದ ಕುಞ್ಞಿಮಂಗಲದಲ್ಲಿ ಮೂಶಾರಿಗಳು ಮೇಣದ ರೂಪಕ್ಕೆ ಮಣ್ಣು ಮೆತ್ತಿ, ಮೇಣ ಕರಗಿಸಿ ಹೊರಹಾಕಿ, ಕಂಚು ಹೊಯ್ಯುತ್ತಾರೆ. ಕಾಲೇಜಿನ ವರ್ಕ್‌ಶಾಪಿನಲ್ಲಿ ಮಣ್ಣಿನ ಜಾಗಕ್ಕೆ ಜಿಪ್ಸಂ ಹುಡಿ: 100 ಗ್ರಾಮಿಗೆ 38ರಿಂದ 40 ಮಿಲಿ ನೀರು, ಕಲಸಿ ಹೊಯ್ಯಲು ಸಿಗುವುದು ಒಂಬತ್ತು ಹತ್ತು ನಿಮಿಷ. ಮೇಣದ ಮೈಗೆ ಗುಳ್ಳೆ ಅಂಟಿದರೆ ಉಂಗುರದ ಮೈಯಲ್ಲಿ ಸಾಸಿವೆಯಂಥ ಗುಂಡುಗಳು. ಕುಲುಮೆಯ ಬಿಸಿ 750 ದಾಟಿದರೆ ಜಿಪ್ಸಂ ಒಡೆದು ಗಂಧಕದ ಅನಿಲ ಹೊರಟು ಮೈ ಕಪ್ಪು, ಒರಟು. ಮೇಣ ಒಂದು ಗ್ರಾಂ ತೂಗಿದರೆ ಬೆಳ್ಳಿ ಸುಮಾರು ಹತ್ತೂವರೆ ಗ್ರಾಂ, ಅದರ ಮೇಲೆ ಲೋಹ ಹರಿದು ಒಳಹೋಗುವ ನಾಳಕ್ಕೆ ಬೇಕಾದದ್ದು ಬೇರೆ.

ಕಂಪ್ಯೂಟರ್ ವಿನ್ಯಾಸವನ್ನೂ ಕಲಿಸುತ್ತಾರೆ, ಕೆಲಸ ಸಿಗಲು ಅದು ಬೇಕು ಕೂಡ. ಆದರೆ ಪರದೆಯಲ್ಲಿ ಉಂಗುರವನ್ನು ಎಷ್ಟು ಸಪೂರ ಬೇಕಾದರೂ ಮಾಡಬಹುದು. ಅರ ಹಾಕಿ ಪಾಲಿಶ್ ಮಾಡುವಾಗ ಸವೆಯುವ ಹತ್ತನೇ ಒಂದೆರಡು ಮಿಲಿಮೀಟರ್, ಎರಕದಲ್ಲಿ ಕುಗ್ಗುವ ಪಾಲು ಪರದೆಯಲ್ಲಿ ಕಾಣುವುದಿಲ್ಲ. ಬೆಂಚಿನಲ್ಲಿ ಕೂತು ಬಂದವರ ವಿನ್ಯಾಸವನ್ನು ಕಾರ್ಖಾನೆಯವರು ಹಿಂದಕ್ಕೆ ಕಳಿಸುವುದು ಕಡಿಮೆ.

ಎಲ್ಲಿ ಕಲಿಯಬಹುದು? ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ ನಿಫ್ಟ್‌ನ ನಾಲ್ಕು ವರ್ಷದ ವಿನ್ಯಾಸ ಪದವಿ ಬಿ.ಡೆಸ್.ನಲ್ಲಿ ಆಕ್ಸೆಸರಿ ಡಿಸೈನ್ ಎಂಬ ವಿಭಾಗವಿದೆ, ಆಭರಣ ಅದರೊಳಗೆ ಬರುತ್ತದೆ. ನಮಗೆ ಹತ್ತಿರದ ನಿಫ್ಟ್ ಕಣ್ಣೂರಿನ ಧರ್ಮಶಾಲೆಯಲ್ಲಿ. ಎಲ್ಲ ಕ್ಯಾಂಪಸ್ಸಿನಲ್ಲಿ ಎಲ್ಲ ವಿಭಾಗ ಇರುವುದಿಲ್ಲ, ಬೆಂಗಳೂರೋ ಬೇರೆಯೋ ಎಂದು ಆ ವರ್ಷದ ಪ್ರಾಸ್ಪೆಕ್ಟಸ್ ನೋಡಿಯೇ ನಿರ್ಧರಿಸಿ. ಪ್ಲಸ್ ಟುವಿನಲ್ಲಿ ಯಾವ ಗುಂಪು ತೆಗೆದುಕೊಂಡಿದ್ದರೂ ಅಡ್ಡಿಯಿಲ್ಲ. ಪ್ರವೇಶಕ್ಕೆ ಚಿತ್ರದ ಪರೀಕ್ಷೆ, ಸಾಮಾನ್ಯ ಸಾಮರ್ಥ್ಯದ ಪರೀಕ್ಷೆ, ಆಮೇಲೆ ಕೊಟ್ಟ ಸಾಮಗ್ರಿಯಿಂದ ಮಾದರಿ ಮಾಡುವ ಪರೀಕ್ಷೆ. ಕನ್ನಡ ಮಾಧ್ಯಮದವರಿಗೆ ತೊಡಕಾಗುವುದು ನಡುವಿನದು, ಪ್ರಶ್ನೆ ಇಂಗ್ಲಿಷ್ ಅಥವಾ ಹಿಂದಿಯಲ್ಲಿರುತ್ತದೆ. ಉಳಿದೆರಡರಲ್ಲಿ ಕೈಯೇ ಮಾತಾಡುತ್ತದೆ. ಡಿಗ್ರಿಯ ನಂತರವಾದರೆ ಗಾಂಧಿನಗರದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ (ಎನ್‌ಐಡಿ) ಲೈಫ್‌ಸ್ಟೈಲ್ ಆಕ್ಸೆಸರಿ ಡಿಸೈನ್ ಇದೆ. ಉತ್ಪಾದನೆಗೇ ಇಳಿಯಬೇಕೆಂದರೆ ರತ್ನಾಭರಣ ರಫ್ತು ಮಂಡಳಿಯ ಐಐಜಿಜೆ ಸಂಸ್ಥೆಗಳು ಮುಂಬೈ, ಜೈಪುರಗಳಲ್ಲಿವೆ. ವಿದೇಶದಲ್ಲಿ ಬರ್ಮಿಂಗ್‌ಹ್ಯಾಮಿನ ಆಭರಣ ಶಾಲೆ 1890ರದ್ದು, ಈಗ ಅಲ್ಲಿನ ಸಿಟಿ ವಿಶ್ವವಿದ್ಯಾಲಯದ ಭಾಗ. ಅಮೆರಿಕದ ರೋಡ್ ಐಲೆಂಡ್ ಸ್ಕೂಲ್ ಆಫ್ ಡಿಸೈನಿನಲ್ಲಿ ಪದವಿಗೂ ಸ್ನಾತಕೋತ್ತರಕ್ಕೂ ವಿಭಾಗವಿದೆ. ಮಿಷಿಗನ್ನಿನ ಕ್ರ್ಯಾನ್‌ಬ್ರುಕ್ ಎರಡು ವರ್ಷದ ಸ್ನಾತಕೋತ್ತರ ಮಾತ್ರ. ಅಲ್ಲೆಲ್ಲ ಅಂಕಪಟ್ಟಿಗಿಂತ ಪೋರ್ಟ್‌ಫೋಲಿಯೊ ಮುಖ್ಯ. ಹದಿನೈದು ಇಪ್ಪತ್ತು ಚಿತ್ರ ಸಾಕು, ಬೂದು ಹಿನ್ನೆಲೆ, ಅಳತೆ ಬರೆದಿರಲಿ. ಇಂಟರ್ನೆಟ್ಟಿನಲ್ಲಿ ಕಂಡದ್ದರ ನಕಲು ಬೇಡ. ಅಜ್ಜಿಯ ಬೆಂಡೋಲೆ, ಕರಿಮಣಿಯ ಕೊಂಡಿ, ಯಕ್ಷಗಾನದ ಭುಜಕೀರ್ತಿ ಮರದ್ದಾಗಿದ್ದೂ ಚಿನ್ನದ ಹಾಗೆ ಕಾಣುವುದು ಹೇಗೆ, ತೆಯ್ಯದ ತಲೆಪಟ್ಟಿಯನ್ನು ಎಲ್ಲಿ ಕಟ್ಟುತ್ತಾರೆ, ಇವನ್ನು ಕೂತು ಬರೆದರೆ ಅದೇ ಹತ್ತು ಹಾಳೆ.

ಅಕ್ಕಸಾಲಿ ಮನೆಯ ಮಕ್ಕಳ ಬಗ್ಗೆ ಒಂದು ಮಾತು. ಅವರಿಗೆ ಮೊದಲ ವರ್ಷ ಬೇಸರ ಬರುವುದು ಸಹಜ, ಗೊತ್ತಿದ್ದದ್ದನ್ನೇ ತಾಮ್ರದಲ್ಲಿ ಮಾಡಿಸುತ್ತಾರೆ. ಅವರು ಎಡವುವುದು ಬರೆಯುವಲ್ಲಿ. ಎಷ್ಟು ಬಿಸಿ, ಯಾವ ಬೆಸುಗೆ, ಎಷ್ಟು ತೂಕ ಎಂಬುದು ಕೈಗೆ ಗೊತ್ತು, ಕಾಗದಕ್ಕೆ ಬಾರದು. ಅಪ್ಪನ ಪಕ್ಕದಲ್ಲಿ ಒಂದು ತಿಂಗಳು ಪುಸ್ತಕ ಹಿಡಿದು ಕೂತು, ಪ್ರತಿ ಕೆಲಸಕ್ಕೂ ಮುಂಚೆ ಮತ್ತು ಆಮೇಲೆ ತೂಗಿ ಬರೆದರೆ ಅದಕ್ಕಿಂತ ಒಳ್ಳೆಯ ತಯಾರಿ ನನಗೆ ಕಾಣುವುದಿಲ್ಲ. ಇನ್ನು ಕೌಂಟರಿನಲ್ಲಿ ನಿಲ್ಲಬೇಕಾಗುತ್ತದೋ ಎಂಬ ಹೆತ್ತವರ ಆತಂಕ: ಹೊಸೂರಿನಲ್ಲಿರುವ ತನಿಷ್ಕ್‌ನಂಥ ಕಾರ್ಖಾನೆಗಳಲ್ಲಿ ವಿನ್ಯಾಸ, ಮಾದರಿ ತಯಾರಿ, ಉತ್ಪಾದನೆಯ ಯೋಜನೆ, ಗುಣಮಟ್ಟದ ಪರೀಕ್ಷೆ, ಹೀಗೆ ಬೇರೆ ಬೇರೆ ಮೇಜುಗಳಿರುತ್ತವೆ. ಲೋಹವೂ ಗೊತ್ತಿದ್ದು ಲೆಕ್ಕವೂ ಗೊತ್ತಿರುವವರನ್ನು ಹುಡುಕುವುದು ಅಂಥ ಮೇಜುಗಳಿಗೆ.

ಕೊನೆಯಲ್ಲಿ ಒಬ್ಬ ತಾಯಿ ಕೇಳಿದರು, "ಕಾಲೇಜು ನೋಡಲು ಹೋದರೆ ಏನು ನೋಡುವುದು? ಕಟ್ಟಡ ಚಂದ ಇದ್ದೇ ಇರ್ತದೆ." ವರ್ಕ್‌ಶಾಪಿನ ಬಾಗಿಲು ತೆರೆಸಿ. ಕೇಳಬೇಕಾದ ಮೊದಲ ಪ್ರಶ್ನೆ, ಪಾಠ ಮುಗಿದ ಮೇಲೆ ಸಂಜೆ ಎಷ್ಟು ಹೊತ್ತು ಇದು ತೆರೆದಿರುತ್ತದೆ, ಒಂದು ಬೆಂಚಿಗೆ ಎಷ್ಟು ಮಕ್ಕಳು. ಪಾಲಿಶ್ ಮೋಟರಿಗೆ ಹುಡಿ ಎಳೆಯುವ ವ್ಯವಸ್ಥೆ ಇದೆಯೋ, ಬೆಸುಗೆಯ ಜಾಗದಲ್ಲಿ ಹೊಗೆ ಹೊರಗೆ ಹೋಗುತ್ತದೋ ನೋಡಿ. ರೋಲಿಂಗ್ ಮಿಲ್ಲಿನ ಉರುಳೆಯ ಮೇಲೆ ಬೆರಳಾಡಿಸಿ. ಮಳೆಗಾಲದ ಆಟಿ ತಿಂಗಳ ನಮ್ಮ ಕರಾವಳಿಯ ಗಾಳಿಯಲ್ಲಿ ಎಣ್ಣೆ ಸವರದೆ ಬಿಟ್ಟ ಉರುಳೆಗೆ ವಾರದಲ್ಲಿ ತುಕ್ಕು ಹಿಡಿಯುತ್ತದೆ, ಆ ತುಕ್ಕಿನ ಗುಳಿ ಮುಂದೆ ಒತ್ತುವ ಪ್ರತಿ ಹಾಳೆಯ ಮೇಲೂ ಅಚ್ಚಾಗುತ್ತದೆ. ಆಮೇಲೆ ಪಿಕಲ್ ಪಾತ್ರೆಯ ಪಕ್ಕದಲ್ಲಿ ಇಟ್ಟ ಚಿಮಟ ಯಾವುದರದ್ದೆಂದು ನೋಡಿ.